ನಾಳೆ ಬಾ ಅನ್ನಿಸಿಕೊಂಡ ಒನಕೆ

ಬಾ ನನ್ನ ಕೂಸೇ, ಕಾಲು ಮಡಚ್ಕೊಂಡು ನನ್ನ ಕಂಬಳಿಯೊಳಗೆ ಸೇರ್ಕೋ. ಹೂಂ ಅಂತಿರ್ಬೇಕು ಮತ್ತೆ, ನಿನ್ನ ಹೂಂ ನಿಂತ್ರೆ ನನ್ನ ಕತೇನೂ ನಿಲ್ತದೆ.

ಒಂದಾನೊಂದು ಕಾಲದಲ್ಲಿ, ಕುರಿಗೊಂದೊಂದು ಹೆಸರಿಟ್ಟು ಕೂಗ್ತಿದ್ದ ಕಾಲದಲ್ಲಿ, ಕಲ್ಲುಗುಡ್ಡದ ಬುಡದಾಗೆ ಒಂದು ಊರಿತ್ತಂತೆ. ಅಲ್ಲಿ ಸಣ್ಣೀರಪ್ಪ ಅಂತ ಒಬ್ಬ ಕುರಿ ಕಾಯೋನು, ಅವನಿಗೆ ಮಾಳವ್ವ ಅಂತ ಒಬ್ಬಳೇ ಮಗಳು, ತಾಯಿಲ್ಲದ ಮಗಳು. ಅಪ್ಪ ಕುರಿ ಕಾಯೋದು, ಮಗಳು ಕಂಬಳಿ ನೇಯೋದು. ಮಗ್ಗದಾಗೆ ಕೂತಳು ಅಂದ್ರೆ ಅವಳ ಕೈ ಕಣ್ಣಿಗೆ ಕಾಣ್ತಿರಲಿಲ್ವಂತೆ, ಅಷ್ಟು ಚುರುಕು. ಆದ್ರೆ ನೇಯೋಕೆ ಮುಂಚೆ ಒಂದು ಕೆಲಸ ಇರ್ತದಲ್ಲ, ಹುಣಸೆಬೀಜ ನೆನೆಹಾಕಿ, ಒರಳಿಗೆ ಸುರಿದು ಒನಕೆಯಾಗೆ ಕುಟ್ಟಿ, ಗಂಜಿ ಕಾಸಿ ನೂಲಿಗೆ ಬಳೀಬೇಕು. ಗಂಜಿ ಕುಡೀದಿದ್ರೆ ಉಣ್ಣೆ ನೂಲು ಮಗ್ಗದಾಗೆ ಪಟಪಟ ಹರೀತದೆ. ಅದೂ ದಿನಾ ಕುಟ್ಟಬೇಕು, ಇಟ್ಟ ಗಂಜಿ ಹಳಸಿ ನಾರ್ತದೆ. ಬೀಜ ಗಟ್ಟಿ, ಒನಕೆ ಭಾರ, ಅಂಗೈ ತುಂಬ ಬೊಬ್ಬೆ. ಆ ಕೆಲಸ ಒಂದು ಕಂಡ್ರೆ ಮಾಳವ್ವನಿಗೆ ಆಗ್ತಿರಲಿಲ್ವಂತೆ.

ಆಮೇಲೆ ಚಳಿಗಾಲ ಹತ್ರ ಬಂತು. ಸಣ್ಣೀರಪ್ಪ ಕುರಿ ಹೊಡ್ಕೊಂಡು ಗುಡ್ಡದ ಮೇಲೆ ಹೋಗಿ ಇರಬೇಕು. ಹೋದ ವರ್ಷದ ಚಳಿಗೆ ಅವನ ಎದೆ ಹಿಡಿದು, ಕೆಮ್ಮಿ ಕೆಮ್ಮಿ ಜೀವ ಹೋಗೋದೊಂದು ಬಾಕಿ ಇತ್ತಂತೆ. ಹಳೇ ಕಂಬಳಿ ಜರಡಿ ಆಗಿತ್ತು. ಅವ್ವಾ ಮಾಳಿ, ಹೊಸ ಕಂಬಳಿ ಇಲ್ದಿದ್ರೆ ಈ ಸಲ ನಾನು ಉಳಿಯಲ್ಲ ಕಣವ್ವ, ಗುಡ್ಡ ಹತ್ತೋಕೆ ಮುಂಚೆ ಹುಣ್ಣಿಮೆಗೆ ಬರ್ತೀನಿ, ಮೂರು ಪಟ್ಟಿ ನೇಯ್ದು ಜೋಡಿಸಿ ಹೊಲಿದಿಡು ಅಂತ ಹೇಳಿ, ಅಲ್ಲೀವರೆಗೆ ಮೇಯಿಸೋಕೆ ಕುರಿ ಹೊಡ್ಕೊಂಡು ದೂರದ ಬಯಲಿಗೆ ಹೋದನಂತೆ.

ಅವರ ಮನೆ ಬಾಗಿಲ ಮೇಲೆ ಇದ್ದಿಲಾಗೆ ನಾಳೆ ಬಾ ಅಂತ ಬರೆದಿತ್ತಂತೆ. ದೆವ್ವ ಬಂದು ಅದನ್ನ ಓದ್ಕೊಂಡು, ಓಹೋ ನಾಳೆ ಬರಬೇಕಂತೆ ಅಂತ ವಾಪಸ್ ಹೋಗ್ತದೆ, ಮಾರನೇ ದಿನ ಬಂದ್ರೆ ಮತ್ತದೇ. ಮಾಳವ್ವ ಯೋಚನೆ ಮಾಡಿದ್ಲಂತೆ, ದೆವ್ವಾನೇ ಈ ಮಾತು ಕೇಳ್ತದೆ ಅಂದ್ಮೇಲೆ ಒನಕೆ ಯಾವ ದೊಡ್ಡದು? ಇದ್ದಿಲು ತಗೊಂಡು, ಬಾಗಿಲು ನೋಡ್ಕೊಂಡು ಒಂದೊಂದೇ ಅಕ್ಷರ ತಿದ್ದಿ, ಒನಕೆ ಮೇಲೆ ನಾಳೆ ಬಾ ಅಂತ ಬರೆದಳು. ನಂಬ್ತೀಯೋ ಬಿಡ್ತೀಯೋ, ಒನಕೆ ಎದ್ದು ದಡ್ ದಡ್ ಅಂತ ಕುಪ್ಪಳಿಸ್ಕೊಂಡು ಹೊರಗೆ ಹೋಯ್ತಂತೆ! ಮಾಳವ್ವನಿಗೆ ಹಿಗ್ಗೋ ಹಿಗ್ಗು.

ಮಾರನೇ ಬೆಳಿಗ್ಗೆ ಒನಕೆ ಬಂತು. ಬಂತು, ಆದ್ರೆ ತೋಳಿನಷ್ಟು ದಪ್ಪ ಆಗಿತ್ತಂತೆ. ಅಯ್ಯಪ್ಪ, ಇದನ್ನ ಯಾರು ಎತ್ತಾರೆ ಅಂತ ಮತ್ತೆ ನಾಳೆ ಬಾ ಅಂತ ಬರೆದಳು. ಆಮೇಲೆ ಬಂದಾಗ ತೊಡೆಯಷ್ಟು ದಪ್ಪ. ಮತ್ತೆ ಬರೆದಳು. ಮೂರನೇ ಸಲ ಬಂದಾಗ ಮನೆ ಕಂಬದಷ್ಟಾಗಿ, ಬಾಗಿಲೊಳಗೆ ಹಿಡಿಸದೆ ಹೊಸ್ತಿಲಾಚೆ ಕೂತ್ಬಿಡ್ತಂತೆ. ಮಾಳವ್ವ ಕದ ಹಾಕ್ಕೊಂಡು ಒಳಗೇ ಕೂತಳು.

ದೀಪ ಹಚ್ಚೋ ಹೊತ್ತಿಗೆ, ದಿನಾ ಬಾಗಿಲು ಓದ್ಕೊಂಡು ವಾಪಸ್ ಹೋಗ್ತಿದ್ದ ಆ ಹುಣಸೆಮರದ ದೆವ್ವ ಬಂತಂತೆ. ಹೆದರ್ಬೇಡ ಮಗಾ, ಮುದಿ ದೆವ್ವ, ಅದಕ್ಕೆ ಒಂದು ಹಲ್ಲೂ ಇರಲಿಲ್ಲ. ಯಾರಯ್ಯ ನೀನು, ನನ್ನ ಜಾಗದಾಗೆ ಕೂತಿದೀಯ ಅಂತು ದೆವ್ವ. ಒನಕೆ ಕಣಜ್ಜ ಅಂತು ಒನಕೆ. ನಿನಗೂ ನಾಳೆ ಬಾ ಅಂದ್ಲಾ ಅಂತು ದೆವ್ವ. ಹೂಂ ಕಣಜ್ಜ, ಹೋಗಿ ಬಂದು ಹೋಗಿ ಬಂದು ಹಿಂಗೆ ಊದ್ಕೊಂಡೆ. ದೆವ್ವ ಕಿಸಿಕಿಸಿ ನಕ್ಕು, ನಾನು ಇವಳಜ್ಜಿ ಕಾಲದಿಂದ ಬರ್ತಿದೀನಿ, ಒಂದು ಗುಟುಕು ನೀರು ಕುಡಿದು ಹೋಗೋಣ ಅಂತ ಬಂದೋನು, ಇನ್ನೂ ಹೋಗೋಕಾಗಿಲ್ಲ, ನಿನಗೇನು ಬೇಕಿತ್ತು ಅಂತ ಕೇಳ್ತಂತೆ. ನಾನೇನು ಮೂಟೆಗಟ್ಲೆ ಕೇಳಿದ್ನಾ ಅಜ್ಜ, ಒಂದು ಹಿಡಿ ಬೀಜ ಕುಟ್ಟಿದ್ರೆ ಒಂದು ಹಿಡಿಯಷ್ಟು ಇಳೀತಿದ್ದೆ ಅಂತು ಒನಕೆ. ಆಗ ದೆವ್ವ ನಿಟ್ಟುಸಿರು ಬಿಟ್ಟು, ನಾನೂ ನೀನೂ ಓದ್ಕೊಂಡು ವಾಪಸ್ ಹೋಗ್ತೀವಿ, ಗುಡ್ಡದ ಮೇಲೆ ಇವಳಪ್ಪನ ಹತ್ರ ಬರೋ ಚಳಿಗೆ ಓದೋಕೆ ಬರಲ್ವಲ್ಲಯ್ಯ ಅಂತಂತೆ.

ಕದದ ಹಿಂದೆ ಮಾಳವ್ವ ಇದನ್ನೆಲ್ಲ ಕೇಳಿಸ್ಕೊಂಡಳು. ಕದ ತೆಗೆದು ಮೊದ್ಲು ದೆವ್ವಕ್ಕೆ ಒಂದು ಚೊಂಬು ನೀರು ಕೊಟ್ಟಳು. ಆಮೇಲೆ ಸೆರಗಿನಾಗೆ ಒನಕೆ ಮೇಲಿನ ಇದ್ದಿಲು ಒರೆಸಿ, ಒರಳನ್ನ ಅಂಗಳಕ್ಕೆ ಉರುಳಿಸ್ಕೊಂಡು ಬಂದು, ಒಂದೇ ಒಂದು ಹಿಡಿ ಬೀಜ ಹಾಕಿದ್ಲಂತೆ. ಎತ್ತೋಕಾಗಲಿಲ್ಲ, ತಬ್ಕೊಂಡು ಹಂಗೇ ಅಲ್ಲಾಡಿಸಿ ಅಲ್ಲಾಡಿಸಿ ಅರೆದಳು. ಕಂಬ ಇಳಿದು ತೊಡೆಯಷ್ಟಾಯ್ತು. ಇನ್ನೊಂದು ಹಿಡಿ, ತೋಳಷ್ಟಾಯ್ತು. ಮತ್ತೊಂದು ಹಿಡಿ, ಅವಳ ಹಳೇ ಒನಕೆ ಅವಳ ಕೈಗೆ ಬಂತಂತೆ.

ಅವತ್ತಿಂದ ಎದ್ದು ಮುಖ ತೊಳೆದ ನೀರು ಆರೋದ್ರೊಳಗೆ ಒಂದು ಹಿಡಿ ಕುಟ್ಟೋಳು. ಒಂದು ಹಿಡಿ ಕುಟ್ಟಿದ ಕೈ ಇನ್ನೊಂದು ಹಿಡಿಗೆ ತಾನೇ ಹೋಗ್ತಿತ್ತಂತೆ. ಆದ್ರೆ ಹೋದ ದಿನ ಹೋದವಲ್ಲ, ಹುಣ್ಣಿಮೆಗೆ ಎರಡೇ ಪಟ್ಟಿ ಆಗಿತ್ತು. ಅಪ್ಪ ಹೊದ್ಕೊಂಡು ನೋಡಿದ, ಎದೆ ಮುಚ್ತು, ಕಾಲು ಹೊರಗೆ. ಮಾಳವ್ವ ಅಳೋಕೆ ಶುರು ಮಾಡಿದ್ಲು. ಏ ಹುಚ್ಚಿ, ಎದೆ ಮುಚ್ತಲ್ಲ, ಕಾಲಿಗೆ ಕುರಿಮರಿ ಹೊದ್ಕೋತೀನಿ ಬಿಡು ಅಂದು ನಕ್ಕನಂತೆ ಅಪ್ಪ. ಮೂರನೇದನ್ನ ನಾಳೆ ಅನ್ನೋ ಮಾತು ಮಾಳವ್ವನ ನಾಲಿಗೆ ತುದಿಗೆ ಬಂತಂತೆ. ನುಂಗ್ಕೊಂಡಳು. ಅಪ್ಪ ಬುತ್ತಿ ಕಟ್ಕೋತಿದ್ದಂಗೇ ಇವಳು ಒನಕೆ ಎತ್ತಿದ್ಲು, ಗುಡ್ಡ ಹತ್ತೋವರೆಗೂ ಅವನಿಗೆ ಒನಕೆ ಸದ್ದು ಕೇಳ್ತಾನೇ ಇತ್ತಂತೆ.

ಆಮೇಲೆ ಇನ್ನೇನು, ಚಳಿ ಬಲಿಯೋ ಮುಂಚೆ ಮೂರನೇ ಪಟ್ಟಿ ಹೆಗಲಿಗೆ ಹಾಕ್ಕೊಂಡು ಮಾಳವ್ವ ತಾನೇ ಗುಡ್ಡ ಹತ್ತಿ, ಅಪ್ಪ ಹೊದ್ದಿದ್ದಂಗೇ ಸೇರಿಸಿ ಹೊಲಿದು ಬಂದ್ಲಂತೆ. ಆ ವರ್ಷ ಸಣ್ಣೀರಪ್ಪ ಒಂದು ಸಲಾನೂ ಕೆಮ್ಮಲಿಲ್ಲ, ಮುದುಕನಾಗಿ ಮೊಮ್ಮಕ್ಕಳನ್ನ ಅದೇ ಕಂಬಳಿಯಾಗೆ ಮಲಗಿಸ್ದ. ಮಾಳವ್ವನ ಕಂಬಳಿಗೆ ಸುತ್ತಲ ಊರೋರೆಲ್ಲ ಬರ್ತಿದ್ರು, ಅಂಗೈಯ ಬೊಬ್ಬೆ ಗಟ್ಟಿಯಾಗಿ ನೋವೇ ಮರೆತುಹೋಯ್ತು. ದೆವ್ವ ನೀರು ಕುಡಿದು ತಂಪಾಗಿ ಹುಣಸೆಮರಕ್ಕೆ ಹೋಗಿ, ಅವಳು ಬುಟ್ಟಿ ತಂದಾಗೆಲ್ಲ ಕೊಂಬೆ ಅಲ್ಲಾಡಿಸಿ ಹಣ್ಣು ಉದುರಿಸ್ತಿತ್ತು. ಒನಕೆ ಕುಟ್ಟಿ ಕುಟ್ಟಿ ಸವೆದು, ಮಕ್ಕಳಾಡೋ ಕೋಲಿನಷ್ಟಾಗಿ, ಗೋಡೆ ಮೂಲೆಯಾಗೆ ಸುಖವಾಗಿ ಒರಗ್ಕೊಂಡಿತಂತೆ. ನನ್ನ ಕತೇನೂ ಇಲ್ಲಿಗೆ ಒರಗಿತು. ಹೂಂ ಅನ್ನೋನು ಆಗ್ಲೇ ನಿದ್ದೆ ಹೋದ.