ಆನೆಯ ಬೆನ್ನ ಮೇಲೆ ಸೇರಿದ ಸಭೆ

ಕಾಡಿನಿಂದ ಕೆರೆಗೆ ಇದ್ದದ್ದು ಒಂದೇ ದಾರಿ, ಅದೂ ಆನೆಯದು. ಹಂದಿಗಳು ಇನ್ನೊಂದು ದಾರಿ ಮಾಡಿಕೊಳ್ಳಲು ಹೊರಟಾಗ ಆನೆ ಅಡ್ಡಲಾಗಿ ಮರ ಉರುಳಿಸಿತು. ಹಂದಿಗಳು ಸಿಂಹರಾಜನಿಗೆ ದೂರು ಕೊಟ್ಟವು. ಆನೆಯ ಕಾಲಡಿಯಿಂದ ಏಳುವ ಹುಳುಗಳನ್ನೇ ನಂಬಿ ಬದುಕಿದ್ದ ಹಕ್ಕಿಗಳಿಗೆ ದಿಗಿಲಾಯಿತು. ಅವು ಆನೆಯ ಬೆನ್ನ ಮೇಲೆಯೇ ಸಭೆ ಸೇರಿದವು.

“ಗಾಬರಿ ಬೇಡ. ಇಷ್ಟು ದೊಡ್ಡ ಪ್ರಾಣಿಯನ್ನು ಯಾರು ತಾನೇ ಏನು ಮಾಡಿಯಾರು? ಯಾರೂ ಇಲ್ಲಿಂದ ಕದಲಬೇಡಿ” ಎಂದಿತು ಹಿರಿಯ ಬೆಳ್ಳಕ್ಕಿ.

ಗೊರವಂಕಕ್ಕೆ ಮಾತ್ರ ಒಳಗೊಳಗೇ ಅನುಮಾನ. “ಮರ ಉರುಳಿಸಿದ್ದು ನಿಜವೇ, ಅಜ್ಜಾ?” ಎಂದು ಕೇಳಿತು.

“ಅದು ನಮಗೇಕೆ? ಹುಳು ಸಿಗುತ್ತಿದೆಯಲ್ಲ!”

“ಸರಿ. ಹಾಗಾದರೆ ನಿಮ್ಮ ಮನೆಮಂದಿಯೆಲ್ಲ ಬೆಳಗಿನಿಂದ ಎಮ್ಮೆಯ ಬೆನ್ನ ಮೇಲೆ ಕೂತಿದ್ದಾರಲ್ಲ, ಏಕೆ?”

ಹಕ್ಕಿಗಳೆಲ್ಲ ಕತ್ತು ಹೊರಳಿಸಿ ನೋಡಿದವು. “ಅಲ್ಲಿ ಗಾಳಿ ಚೆನ್ನಾಗಿದೆ” ಎನ್ನುತ್ತ ಬೆಳ್ಳಕ್ಕಿ ತಾನೂ ಅತ್ತಲೇ ಹಾರಿತು. ಅದರ ಹಿಂದೆಯೇ ಉಳಿದವೂ ಹಾರಿದವು.

ಕೊನೆಗೆ ಉಳಿದ ಗೊರವಂಕವನ್ನು ಆನೆ ಕೇಳಿತು: “ತೀರ್ಪು ಇನ್ನೂ ಬಂದೇ ಇಲ್ಲ. ನೀನೂ ಹೊರಟೆಯಾ?”

“ನೀವು ಗೆಲ್ಲುತ್ತೀರೋ ಸೋಲುತ್ತೀರೋ ನನಗೆ ತಿಳಿಯದು, ಒಡೆಯಾ. ಗೆಲ್ಲುತ್ತೀರಿ ಎಂದವರೇ ಮೊದಲು ಹೋದರು” ಎಂದು ಗೊರವಂಕ ರೆಕ್ಕೆ ಬಿಚ್ಚಿತು.