ಕೂದಲೆಳೆಯಷ್ಟು ಬಾಗು

"ಬುದ್ಧಿ, ನನ್ನ ಮಗಳು ನನ್ನೆದುರು ಮಾತಾಡುವುದನ್ನೇ ಬಿಟ್ಟಿದ್ದಾಳೆ. ಅವಳಿಗೆ ಏನಾಗಿದೆ?" ಎಂದು ಗುರುಶಾಂತಪ್ಪ ಮಠದ ಸ್ವಾಮಿಗಳನ್ನು ಕೇಳಿದ.

ಗುರುಶಾಂತಪ್ಪ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ, ಮಠಕ್ಕೆ ಹಳೆಯ ಶಿಷ್ಯ. ಮಗಳು ದಾಕ್ಷಾಯಿಣಿ ಪಕ್ಕದ ಮನೆಯಲ್ಲಿ ನಗುನಗುತ್ತಾ ಹರಟುವಳು. ಅಪ್ಪ ಬಂದರೆ ಬಾಯಿಗೆ ಬೀಗ. ಮುಂದಿನ ತಿಂಗಳು ಅವಳ ಮದುವೆ. ಹೀಗೇ ಮೂಕಿಯಾಗಿ ಗಂಡನ ಮನೆಗೆ ಹೊರಟರೆ ಈ ಜನ್ಮದಲ್ಲಿ ಇನ್ನು ತನ್ನೊಡನೆ ಮನಸ್ಸು ಬಿಚ್ಚಲಾರಳು ಎಂಬ ಭಯ ಅವನನ್ನು ತಿನ್ನುತ್ತಿತ್ತು.

"ನಾನು ಕುಡಿದವನಲ್ಲ, ಕೆಟ್ಟವನಲ್ಲ. ಗೆರೆ ಎಳೆದ ಹಾಗೆ ಬದುಕಿದ್ದೇನೆ. ನನ್ನ ಮನೆಯಲ್ಲೇ ಹೀಗೇಕೆ?" ಎಂದ.

ಸ್ವಾಮಿಗಳು, "ಕೂತುಕೋ. ಒಂದು ಗಿಟಾರಿನ ಕತೆ ಹೇಳುತ್ತೇನೆ," ಎಂದರು. "ಹುಬ್ಬು ಹಾರಿಸಬೇಡ. ಕಾವಿ ಉಟ್ಟವನಿಗೆ ಕರೆಂಟಿನ ಗಿಟಾರು ಹೇಗೆ ಗೊತ್ತು ಅಂತ ತಾನೇ? ಪೂರ್ವಾಶ್ರಮದಲ್ಲಿ ನಮ್ಮದು ವಾದ್ಯ ರಿಪೇರಿಯ ಮನೆ. ಕೇಳು."

ಒಬ್ಬ ವಾದಕನಿದ್ದ. ಆರ್ಕೆಸ್ಟ್ರಾದಲ್ಲಿ ಕರೆಂಟಿನ ಗಿಟಾರು ನುಡಿಸುತ್ತಿದ್ದ. ಭಾರಿ ಅಚ್ಚುಕಟ್ಟಿನ ಮನುಷ್ಯ. ಗಿಟಾರಿಗೆ ಉದ್ದನೆಯ ಕುತ್ತಿಗೆ ಇರುತ್ತದಲ್ಲ, ಅಡ್ಡಡ್ಡ ಪಟ್ಟಿ ಬಡಿದಿರುತ್ತಾರೆ, ತಂತಿಯನ್ನು ಬೆರಳಿನಿಂದ ಒತ್ತುವ ಜಾಗ, ಅದು ಒಂದಿಷ್ಟೂ ಡೊಂಕಿರಬಾರದು ಎಂದು ಇವನ ಹಟ. ಆ ಮರದ ಒಳಗೆ ಒಂದು ಕಬ್ಬಿಣದ ಸರಳು ಇರುತ್ತದೆ. ಅದರ ತುದಿಯ ನಟ್ಟು ಬಿಗಿದರೆ ಕುತ್ತಿಗೆ ನೆಟ್ಟಗಾಗುತ್ತದೆ. ಇವನು ಸ್ಟೀಲಿನ ಸ್ಕೇಲು ಇಟ್ಟು ನೋಡುವುದು, ನಟ್ಟು ಬಿಗಿಯುವುದು, ಮತ್ತೆ ಸ್ಕೇಲು ಇಡುವುದು. ಕೊನೆಗೆ ಸ್ಕೇಲಿನ ಅಡಿಯಲ್ಲಿ ಬೆಳಕು ಕೂಡ ತೂರದ ಹಾಗಾಯಿತು. ನಾಲ್ಕು ಜನಕ್ಕೆ ತೋರಿಸಿ ಮೀಸೆ ತಿರುವಿದ.

ಅವತ್ತಿನಿಂದ ಸ್ವರಗಳು ಸಾಯತೊಡಗಿದವು. ಕುತ್ತಿಗೆಯ ತುದಿಯ ಹತ್ತಿರ ಒತ್ತಿ ಮೀಟಿದರೆ ಟಪ್ ಎಂದು ಒಂದು ಸದ್ದು, ಅಷ್ಟೇ. ನಾದವೇ ಇಲ್ಲ. ತಂತಿಯದೇ ತಪ್ಪೆಂದು ತಂತಿ ಬದಲಿಸಿದ. ಹೊಸ ತಂತಿಯೂ ಹಾಗೇ ಸತ್ತಿತು. ಸ್ಪೀಕರಿನ ಧ್ವನಿ ಏರಿಸಿದ. ಸತ್ತ ಸ್ವರ ಇನ್ನೂ ಜೋರಾಗಿ ಸತ್ತಿತು! ಆರ್ಕೆಸ್ಟ್ರಾದ ಯಜಮಾನ ರೇಗಿ, ಭಾನುವಾರದ ಕಾರ್ಯಕ್ರಮಕ್ಕೆ ಗಿಟಾರು ಬಾಯಿ ಬಿಡದಿದ್ದರೆ ನೀನೂ ಬರಬೇಡ ಎಂದುಬಿಟ್ಟ. ಪಾಪ, ಅವನಿಗೆ ಗೊತ್ತಿದ್ದುದು ಅದೊಂದೇ ಕೆಲಸ.

ಗಿಟಾರನ್ನು ಅವುಚಿಕೊಂಡು ನಮ್ಮ ಮನೆಗೆ ಓಡಿಬಂದ. ರಿಪೇರಿ ಮಾಡುತ್ತಿದ್ದವಳು ನಮ್ಮ ಸೋದರತ್ತೆ. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ. ಅವಳು ತಂತಿಯನ್ನು ಮೊದಲ ಪಟ್ಟಿಯ ಮೇಲೂ ಕೊನೆಯ ಪಟ್ಟಿಯ ಮೇಲೂ ಒತ್ತಿ ಹಿಡಿದು ನಡುವೆ ಕಣ್ಣಿಟ್ಟು ನೋಡಿದಳು. ಒಂದು ಪೋಸ್ಟ್ ಕಾರ್ಡು ತೂರಬೇಕಾದಲ್ಲಿ ತಂತಿ ಪಟ್ಟಿಗಳ ಮೇಲೆ ಅಂಟಿಕೊಂಡು ಮಲಗಿತ್ತು.

"ಏನಪ್ಪಾ, ಅಲುಗಾಡಲು ಜಾಗ ಕೊಡದೆ ಹಾಡು ಅಂದರೆ ಅದು ಹೇಗೆ ಹಾಡೀತು?" ಎಂದವಳೇ ನಟ್ಟನ್ನು ಒಂದಿಷ್ಟು ಸಡಿಲಿಸಿದಳು.

ವಾದಕ ಹೌಹಾರಿದ. "ಅಯ್ಯಯ್ಯೋ ಅಮ್ಮಾ, ಕುತ್ತಿಗೆ ಬಾಗಿಹೋಗುತ್ತದೆ! ಎಷ್ಟು ಬಾಗಿಸುತ್ತೀರಿ?"

"ನಾನೆಲ್ಲಿ ಬಾಗಿಸುತ್ತೇನೆ ಮಾರಾಯ? ನಾನು ಸರಳಿನ ಬಿಗಿ ಬಿಡಿಸಿದೆ, ಅಷ್ಟೇ. ಇನ್ನು ತಂತಿಯೇ ಎಳೆದು ಬಾಗಿಸಿಕೊಳ್ಳುತ್ತದೆ. ತನ್ನ ಜಾಗ ತಾನೇ ಮಾಡಿಕೊಳ್ಳುತ್ತದೆ."

ಸ್ವಲ್ಪ ಹೊತ್ತು ಕಾದರು. ಕಣ್ಣಿಗೆ ಏನೂ ಕಾಣಲಿಲ್ಲ. ಕುತ್ತಿಗೆ ಮೊದಲಿನ ಹಾಗೇ ಇತ್ತು ಎಂದೇ ಎಲ್ಲರಿಗೂ ಅನ್ನಿಸಿತು. ಅತ್ತೆ ಶ್ರುತಿ ಮಾಡಿ ಗಿಟಾರನ್ನು ಅವನ ಕೈಗೆ ಕೊಟ್ಟಳು. ಅವನು ಹೆದರಿ ಹೆದರಿ ಅದೇ ಸತ್ತ ಸ್ವರವನ್ನು ಮೀಟಿದ.

ಅಬ್ಬಾ! ನಾನು ಕಣ್ಣಾರೆ ಕಂಡೆನಯ್ಯಾ. ತಂತಿ ಗೆರೆಯಾಗಿ ಉಳಿಯಲಿಲ್ಲ. ನಡುವೆ ದಪ್ಪಗಾಗಿ, ದಾರ ಸುತ್ತಿದ ಕದಿರಿನ ಹಾಗೆ, ಮಸುಕು ಮಸುಕಾಗಿ ನಿಂತುಬಿಟ್ಟಿತು. ಒಂದೇ ಒಂದು ಸ್ವರಕ್ಕೆ ಅದು ಅಷ್ಟು ಅಗಲವಾಗಿ ನಡುಗಬೇಕೇ? ನಾದ ಗೋಡೆಗೆ ಹೋಯಿತು, ತೊಲೆಗೆ ಹೋಯಿತು, ನಾವು ಕೂತ ಮಣೆಗೂ ಬಂತು. ನನ್ನ ಮೈ ಜುಮ್ಮೆಂದಿತು. ವಾದಕ ಉಸಿರು ಬಿಡಲೂ ಹೆದರಿದ. ದಿನವೂ ಇದೇ ಕೆಲಸ ಮಾಡುವ ಅತ್ತೆ ಕೂಡ ಎರಡೂ ಕೈ ಎತ್ತಿ ಮುಗಿದಳು. ಅದೇ ಮರ, ಅದೇ ತಂತಿ. ಹೊರಗಿನಿಂದ ಯಾರೂ ಏನನ್ನೂ ತಂದಿಡಲಿಲ್ಲ. ಈ ನಾದ ಇಷ್ಟು ದಿನ ಎಲ್ಲಿತ್ತು? ಇವತ್ತಿಗೂ ನೆನೆದರೆ ನನಗೆ ಬೆರಗು.

ಸ್ವಾಮಿಗಳು ಕತೆ ನಿಲ್ಲಿಸಿದರು. ಗುರುಶಾಂತಪ್ಪನ ಕಣ್ಣು ಅರಳಿತ್ತು.

"ಎಂಥ ಸೋಜಿಗ ಬುದ್ಧಿ!" ಎಂದ. "ಹಾಗಾದರೆ ಮಗಳು ಬಾಯಿ ಬಿಡಬೇಕಾದರೆ ನಾನು ಅವಳಿಗೆ ಏನು ಹೇಳಲಿ?"

ಸ್ವಾಮಿಗಳು ಅವನನ್ನೇ ನೋಡಿದರು. "ಹುಟ್ಟಿದಂದಿನಿಂದ ಇವತ್ತಿನವರೆಗೆ ಆ ಹುಡುಗಿ ಒಂದು ಸಲವಾದರೂ ನಿನ್ನನ್ನು ಬಾಗಿಸಿದ್ದಾಳೇನಯ್ಯಾ?"

ಗುರುಶಾಂತಪ್ಪನಿಗೆ ತಾನು ಬಾಗಿದ್ದು ಒಂದು ಸಲವೂ ನೆನಪಿಗೆ ಬರಲಿಲ್ಲ.