ಚಿಪ್ಪಿನೊಳಗಿನ ತೀರ್ಪು

ಕಾಡಿಗೊಬ್ಬ ನ್ಯಾಯಾಧೀಶ ಬೇಕಾದಾಗ ಸಿಂಹರಾಜ ಹುಡುಕಿ ಹುಡುಕಿ ಆಮೆಯನ್ನೇ ನೇಮಿಸಿದ. ಸಣ್ಣ ಸದ್ದಿಗೂ ತಲೆ ಒಳಗೆಳೆದುಕೊಳ್ಳುವ ಪ್ರಾಣಿ ತನ್ನ ಮಾತು ಮೀರಲಾರದೆಂಬುದು ಅವನ ಲೆಕ್ಕಾಚಾರ. "ಬದುಕಿರುವವರೆಗೂ ಈ ಪೀಠ ನಿನ್ನದೇ," ಎಂದು ಎಲ್ಲರೆದುರು ಮಾತೂ ಕೊಟ್ಟ.

ಗೂಡಿನ ಜಗಳ, ಬಿಲದ ಜಗಳ ಕೇಳುತ್ತಲೇ ಆಮೆಗೆ ಮುಪ್ಪು ಬಂತು. ವಾದ ಮುಗಿದೊಡನೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡು ಯೋಚಿಸುವುದು ಅದರ ಪದ್ಧತಿ. ಹೊರಗಿದ್ದರೆ ಒಬ್ಬರ ಕಣ್ಣೀರು, ಇನ್ನೊಬ್ಬರ ಕೋರೆಹಲ್ಲು ಕಾಣುತ್ತಿತ್ತು. ಒಳಗೆ ಕೇಳಿದ ಮಾತಷ್ಟೇ ಉಳಿಯುತ್ತಿತ್ತು.

ಒಂದು ದಿನ ಜಿಂಕೆ ಬಂತು. "ಸ್ವಾಮಿ, ಕೆರೆಯ ನೀರೆಲ್ಲ ತಮಗೊಬ್ಬರಿಗೇ ಅಂತ ಮಹಾರಾಜರು ನಮ್ಮನ್ನು ಅಟ್ಟುತ್ತಿದ್ದಾರೆ."

ಸಿಂಹ ಕಟಕಟೆಗೆ ಹೋಗದೆ ಆಮೆಯ ಪಕ್ಕದಲ್ಲೇ ಕೂತು, ಕಾಡು ನಡುಗುವಂತೆ ಗರ್ಜಿಸಿದ. ಇಷ್ಟೇನಾ ವಾದ ಎಂದುಕೊಂಡು ಆಮೆ ಎಂದಿನಂತೆ ತಲೆ ಒಳಗೆಳೆದುಕೊಂಡಿತು.

"ನೋಡಿದಿರಾ, ಕೇಸು ಮುಗಿಯಿತು!" ಎಂದು ಸಿಂಹ ನಕ್ಕ.

ಚಿಪ್ಪಿನೊಳಗಿಂದ ದನಿ ಬಂತು: "ಕೆರೆ ಎಲ್ಲರದು. ಮೊದಲು ಬಂದವರು ಮೊದಲು ಕುಡಿಯಲಿ."

"ನಿನ್ನನ್ನು ಇಲ್ಲಿ ಕೂರಿಸಿದವನು ನಾನು!" ಸಿಂಹ ಪಂಜದಿಂದ ಅಪ್ಪಳಿಸಿದ. ಚಿಪ್ಪಿಗೆ ಏನೂ ಆಗಲಿಲ್ಲ.

"ಹೌದು ಮಹಾಪ್ರಭು. ಕೂರಿಸಿದ್ದು ನ್ಯಾಯ ಹೇಳಲಿಕ್ಕೆ ತಾನೇ?"

ಸಿಂಹ ಸುತ್ತ ನೋಡಿದ. ಅವನು ಕೊಟ್ಟ ಮಾತನ್ನು ಕೇಳಿದ್ದವರೆಲ್ಲ ಅಲ್ಲಿದ್ದರು. ಒಬ್ಬರೂ ಕಣ್ಣು ತಗ್ಗಿಸಲಿಲ್ಲ. ಬಾಲ ಮುದುರಿಕೊಂಡು ಕೆರೆಗೆ ಹೋದವನು, ಜಿಂಕೆಯ ಹಿಂದೆ ಸಾಲಿನಲ್ಲಿ ನಿಂತ.

ಆಗ ಆಮೆ ನಿಧಾನವಾಗಿ ತಲೆ ಹೊರಹಾಕಿ ಕೇಳಿತು: "ಮುಂದಿನ ಕೇಸು ಯಾರದು?"